ತಿತಾರ್‌ಪುರದ ರಾವಣ: 12 ಅಡಿ, ತಲೆ ಎಣಿಸಿ ತಗೊಳ್ಳಿ

ಸುಟ್ಟು ಬೂದಿ ಮಾಡೋಕೆ ಅಂತಲೇ ತಂದ ಸಾಮಾನನ್ನು ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳುವುದು ಹೇಗೆ? ಮಿಕ್ಸರ್ ಆದರೆ ಎಷ್ಟು ವರ್ಷ ಬಾಳಿಕೆ ಬಂತು ಅಂತ ಹೇಳಬಹುದು. ಚಪ್ಪಲಿ ಆದರೆ ಉಂಗುಷ್ಟ ಎಷ್ಟು ದಿನಕ್ಕೆ ಕಿತ್ತಿತು ಅಂತ ಬರೆಯಬಹುದು. ನಾನು 6,000 ರೂಪಾಯಿ ಕೊಟ್ಟು ತಂದದ್ದು ಮೂರು ದಿನ ನಿಂತು, ಏಳೆಂಟು ನಿಮಿಷ ಉರಿದು ಮುಗಿದೇ ಹೋಯಿತು. ಆದರೂ ಬರೆಯುತ್ತಿದ್ದೇನೆ. ದೆಹಲಿಯ ಕನ್ನಡದವರು ಇಬ್ಬರು ಮೂವರು ಆಗಲೇ ಕೇಳಿದ್ದಾರೆ, ‘ರಾವಣನ್ನ ಎಲ್ಲಿಂದ ತಂದ್ರಿ, ಎಷ್ಟಾಯ್ತು’ ಅಂತ.

ನಾನು ಧಾರವಾಡದವಳು. ದೆಹಲಿಯ ದ್ವಾರಕಾಕ್ಕೆ ಬಂದು 11 ವರ್ಷ. ನಮ್ಮ ಸೊಸೈಟಿಯಲ್ಲಿ ಪ್ರತಿ ದಸರಾಕ್ಕೆ ಒಂದು ರಾವಣನನ್ನು ಸುಡುತ್ತಾರೆ. 2025ರಲ್ಲಿ ಆ ಕೆಲಸ ನನ್ನ ತಲೆಗೆ ಬಂತು. ಬಂದದ್ದು ಹೇಗೆ ಅಂದರೆ, ಮೀಟಿಂಗ್ ನಡುವೆ ಕುಕ್ಕರ್ ಆರಿಸೋಕೆ ಅಂತ ಮನೆಗೆ ಹೋಗಿ ಬಂದೆ. ಬರುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ನಮ್ಮ ಕಡೆ ದಸರಾ ಅಂದರೆ ಬನ್ನಿ. ಸಂಜೆ ಹೊತ್ತು ಮನೆ ಮನೆಗೆ ಹೋಗಿ ಎಲೆ ಕೊಟ್ಟು ‘ಬಂಗಾರದಂಗ ಇರೋಣು’ ಅಂದು ಬರುವ ಹಬ್ಬ. ಸುಡುವ ಕೆಲಸ ಏನಿದ್ದರೂ ಹೋಳಿ ಹುಣ್ಣಿಮೆಗೆ, ಅದೂ ಕಾಮಣ್ಣನನ್ನು. ಹಾಗಾಗಿ ರಾವಣನನ್ನು ಕೊಳ್ಳುವುದರಲ್ಲಿ ನನಗೆ ಅನುಭವ ಸೊನ್ನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ರಾವಣ ಮಾಡುವವರು ಇರುವುದು ಪಶ್ಚಿಮ ದೆಹಲಿಯ ತಿತಾರ್‌ಪುರದಲ್ಲಿ. ಜಾಗ ಹುಡುಕುವ ಕಷ್ಟ ಇಲ್ಲ. ಬ್ಲೂ ಲೈನ್ ಮೆಟ್ರೋದಲ್ಲಿ ಟ್ಯಾಗೋರ್ ಗಾರ್ಡನ್‌ನಲ್ಲಿ ಇಳಿಯಿರಿ. ಸುಭಾಷ್ ನಗರದಲ್ಲಿ ಇಳಿದರೂ ಆಗುತ್ತದೆ. ದಸರಾಕ್ಕೆ ಒಂದೂವರೆ ಎರಡು ತಿಂಗಳು ಇರುವಾಗಲೇ ಅಲ್ಲಿ ಕೆಲಸ ಶುರುವಾಗಿರುತ್ತದೆ. ಮೇಲೆ ರೈಲು, ಕೆಳಗೆ ರಾವಣರು. ಫುಟ್‌ಪಾತ್ ಮೇಲೆ, ಮೆಟ್ರೋ ಕಂಬಗಳ ನಡುವೆ, ಖಾಲಿ ಜಾಗ ಸಿಕ್ಕ ಕಡೆಯೆಲ್ಲ. ತಲೆಗಳದೇ ಒಂದು ಸಾಲು, ಹೊಟ್ಟೆಗಳದೇ ಒಂದು ಸಾಲು. ಕಣ್ಣು ಬಾಯಿ ಇಲ್ಲದ ಕಾಗದದ ತಲೆಗಳನ್ನು ಬಿಸಿಲಿಗೆ ಒಣಗೋಕೆ ಇಟ್ಟಿರುತ್ತಾರೆ. ಹಪ್ಪಳ ಒಣಗಿಸಿದ ಹಾಗೆ. ಯಾರೋ ಒಬ್ಬ ಹಿರಿಯರು ದಶಕಗಳ ಹಿಂದೆ ಇಲ್ಲಿಗೆ ಬಂದು ಈ ಕಸುಬು ಶುರು ಮಾಡಿದರು ಅಂತ ಹೇಳುತ್ತಾರೆ. ‘ರಾವಣ್‌ವಾಲೆ ಬಾಬಾ’ ಅಂತಲೇ ಅವರನ್ನು ಕರೆಯುವುದು. ಈಗ ಹಂಗಾಮಿನಲ್ಲಿ ಉತ್ತರಪ್ರದೇಶ, ಬಿಹಾರ, ರಾಜಸ್ಥಾನದಿಂದೆಲ್ಲ ಕೆಲಸದವರು ಬರುತ್ತಾರೆ.

ಮಕ್ಕಳು ಕೈಯಲ್ಲಿ ಹಿಡಿದುಕೊಳ್ಳುವ ಎರಡಡಿಯಿಂದ ಹಿಡಿದು 40–50 ಅಡಿವರೆಗೆ ಸಿಗುತ್ತದೆ. ಬೇಕು ಅಂದರೆ ಕುಂಭಕರ್ಣ, ಮೇಘನಾದ ಸೇರಿಸಿ ಮೂರರ ಸೆಟ್. ನಮ್ಮ ಬಜೆಟ್ಟಿಗೆ ರಾವಣ ಒಬ್ಬನೇ.

ನಾನು ಹೋದ ಅಂಗಡಿಯವರ ಹೆಸರು ಬರೆಯುವುದಿಲ್ಲ. ಅಂಗಡಿ ಅಂದರೆ ಒಂದು ಟಾರ್ಪಾಲು, ಒಂದು ಮಂಚ, ಒಂದು ದೊಡ್ಡ ಅಂಟಿನ ಬಕೆಟ್ಟು, ಅಷ್ಟೇ. ಅಲ್ಲಿದ್ದ ಹುಡುಗರು ಅವರನ್ನು ಉಸ್ತಾದ್ ಅಂತ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ವಯಸ್ಸು ಐವತ್ತು ದಾಟಿರಬಹುದು. ವರ್ಷದ ಉಳಿದ ತಿಂಗಳು ಮನೆಗಳಿಗೆ ಸುಣ್ಣ ಬಣ್ಣ ಬಳಿಯುವ ಕೆಲಸವಂತೆ.

ರೇಟು ಅಡಿ ಲೆಕ್ಕ. ಅಡಿಗೆ 600 ಅಂದರು. ಸೊಪ್ಪಿನ ಗಾಡಿಯ ಮುಂದೆ ನಿಂತ ಹಾಗೆ ನಿಂತೆ. 500ಕ್ಕೆ ಇಳಿಯಿತು. 12 ಅಡಿಗೆ 6,000. ಎರಡು ಸಾವಿರ ಮುಂಗಡ. ದುಬಾರಿಯಾ? ಅವರು ಮಾಡುವುದನ್ನು ಅರ್ಧ ಗಂಟೆ ಕೂತು ನೋಡಿದ ಮೇಲೆ ನನಗೆ ಹಾಗನ್ನಿಸಲಿಲ್ಲ. ಬಿದಿರನ್ನು ಉದ್ದಕ್ಕೆ ಸೀಳಿ ದಬ್ಬೆ ಮಾಡುತ್ತಾರೆ. ದಬ್ಬೆ ಬಗ್ಗಿಸಿ ತಂತಿ ಬಿಗಿದರೆ ದೊಡ್ಡ ಬುಟ್ಟಿಯಂಥ ಹಂದರ ಆಗುತ್ತದೆ. ಅದಕ್ಕೆ ಹಳೇ ಸೀರೆ ಸುತ್ತುತ್ತಾರೆ. ಸೀರೆಯ ಮೇಲೆ ಮೈದಾ ಅಂಟು ಬಳಿದು ರದ್ದಿ ಕಾಗದ. ಅದು ಒಣಗಿದ ಮೇಲೆ ಬಣ್ಣದ ಹಾಳೆ. ಒಬ್ಬ ರಾವಣನ ಹೊಟ್ಟೆಗೆ ಸುತ್ತಿದ್ದ ಹಳದಿ ಹೂವಿನ ನೈಲಾನ್ ಸೀರೆ ನೋಡಿ ನನಗೆ ನಗು ತಡೆಯೋಕಾಗಲಿಲ್ಲ. ಥೇಟ್ ಅಂಥದ್ದೇ ಸೀರೆ ನಮ್ಮತ್ತೆಯ ಹತ್ತಿರ ಇದೆ.

ಅಂಟಿಗೆ ಸ್ವಲ್ಪ ಮೈಲುತುತ್ತ ಬೆರೆಸುತ್ತಾರೆ. ಇಲ್ಲದಿದ್ದರೆ ಮೈದಾ ವಾಸನೆಗೆ ಇಲಿ, ಹುಳ ಬಂದು ರಾಮನಿಗಿಂತ ಮೊದಲೇ ರಾವಣನನ್ನು ಮುಗಿಸಿಬಿಡುತ್ತವೆ. ಬುಕ್ ಬೈಂಡಿಂಗ್ ಮಾಡುವವರೂ ಹೀಗೇ ಮಾಡುತ್ತಾರೆ ಅಲ್ವಾ.

ಇನ್ನೊಂದು ವಿಷಯ ಅವರಾಗಿಯೇ ಹೇಳಿದರು. ಆಗ ದೆಹಲಿಯಲ್ಲಿ ಪಟಾಕಿಗೆ ನಿಷೇಧ. ಹೊಟ್ಟೆಯೊಳಗೆ ಪಟಾಕಿ ತುಂಬುವ ಹಾಗಿಲ್ಲ. ಸದ್ದಿಲ್ಲದೆ ಸುಡುವ ರಾವಣ ಜನಕ್ಕೆ ಸಪ್ಪೆ. ಅದಕ್ಕೆ ಕಾಲಿನ ಒಳಗೆ ಮೂರ್ನಾಲ್ಕು ಸೀಳದ ಬಿದಿರಿನ ತುಂಡು ಇಡುತ್ತಾರೆ. ಎರಡು ಗಂಟುಗಳ ನಡುವೆ ಸಿಕ್ಕಿಕೊಂಡ ಗಾಳಿ ಕಾದು, ಬಿದಿರು ಢಂ ಅಂತ ಒಡೆಯುತ್ತದೆ. ದುಡ್ಡು ಜಾಸ್ತಿ ಇಲ್ಲ, ಆದರೆ ಬಾಯಿ ಬಿಟ್ಟು ಕೇಳಬೇಕು. ಈ ಒಂದು ಉಪಾಯಕ್ಕೇ ನಾನು ಅವರಿಗೆ ಒಂದು ನಕ್ಷತ್ರ ಪೂರ್ತಿ ಕೊಡುತ್ತೇನೆ.

ಈಗ ತಕರಾರಿಗೆ ಬರುತ್ತೇನೆ.

ಸೆಪ್ಟೆಂಬರ್ 29ಕ್ಕೆ ನಾನು, ಮಗ, ಒಂದು ಛೋಟಾ ಹಾಥಿ ಟೆಂಪೊ ಮೂವರೂ ಹೋದೆವು. ಮುಖಕ್ಕೆ ಕಣ್ಣು ಇನ್ನೂ ಅಂಟಿಸಿರಲಿಲ್ಲ. ಬಾಕಿ ಹಣ ಎಣಿಸಿ ಕೊಟ್ಟ ಮೇಲೇ ಕಣ್ಣು, ಅದು ಅವರ ಪದ್ಧತಿಯಂತೆ. ಕೊಟ್ಟೆ. ಅಂಟಿಸಿದರು. ರಾವಣ ನನ್ನನ್ನು ನೋಡಿದ. ಮುಖ ಬಹಳ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಗಲ್ಲದ ತುದಿ ದಾಟಿ ಕಿವಿಯ ಕಡೆ ತಿರುಗಿದ ಮೀಸೆ, ಕಡುಗೆಂಪು ತುಟಿ. ಸಣ್ಣವಳಿದ್ದಾಗ ದೊಡ್ಡಾಟದಲ್ಲಿ ನೋಡಿದ ರಾವಣನ ಭುಜಕೀರ್ತಿ ಒಂದು ಇರಲಿಲ್ಲ, ಅಷ್ಟೇ.

ಅಷ್ಟರಲ್ಲಿ ಮಗ ಮೆಲ್ಲಗೆ ಕನ್ನಡದಲ್ಲಿ ಹೇಳಿದ, ‘ಅಮ್ಮಾ, ಒಂಬತ್ತೇ ಇದೆ.’

ಎಣಿಸಿದೆ. ನಡುವೆ ಒಂದು, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಉಸ್ತಾದ್‌ಗೆ ಹೇಳಿದರೆ ಅವರಿಗೆ ಗಾಬರಿಯೇನೂ ಇಲ್ಲ. ಹತ್ತು ತಲೆ ತೂಗುವುದಿಲ್ಲ ಅಂದರು. ನಡುವಿನದು ಬಿಟ್ಟರೆ ಉಳಿಯುವುದು ಒಂಬತ್ತು. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಐದು ಬರಬೇಕು. ಐದಿದ್ದ ಕಡೆಗೆ ವಾಲುತ್ತದೆ, ಗಾಳಿ ಬಂದರೆ ಬಿತ್ತು. ದೊಡ್ಡದಕ್ಕೆ ಹಗ್ಗ ಕಟ್ಟಿ ಸಂಭಾಳಿಸಬಹುದು, ಹನ್ನೆರಡಡಿಯದಕ್ಕೆ ಯಾರು ಎಣಿಸುತ್ತಾರೆ ಮೇಡಂ?

ಮಾತು ಸರಿಯೇ. ತಕ್ಕಡಿ ಹಿಡಿದವರಿಗೆ ಗೊತ್ತಾಗುತ್ತದೆ. ಮಗ ಕೂಡ ‘ಹೋಗ್ಲಿ ಬಿಡಮ್ಮ’ ಅಂದ. ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ಆದರೆ ನನಗೆ ಯಾಕೋ ಬಿಡೋಕಾಗಲಿಲ್ಲ. ಹತ್ತು ಅಂದರೆ ಹತ್ತು ಅಂತ ಹಟ ಹಿಡಿದೆ.

ಯಾಕೆ ಅಂತ ಆಮೇಲೆ ಗೊತ್ತಾಯಿತು. ನನಗೆ ಒಂಬತ್ತೋ ಹತ್ತೋ ವರ್ಷ. ನಮ್ಮ ಓಣಿಯ ಒಬ್ಬರು ಮಳೆಗಾಲದಲ್ಲಿ ಊರಿಗೆ ಹೋಗುವಾಗ ಹೊಳೆ ಪಾಲಾದರು. ಎಷ್ಟು ದಿನ ಹುಡುಕಿದರೂ ಮೈ ಸಿಗಲಿಲ್ಲ. ಮೈ ಸಿಗದಿದ್ದರೆ ಸಂಸ್ಕಾರ ಯಾವುದಕ್ಕೆ ಮಾಡುವುದು? ಅವರ ಹಿತ್ತಲಲ್ಲಿ ದರ್ಭೆ ಹಾಸಿ, ಮುತ್ತುಗದ ಎಲೆ ಜೋಡಿಸಿ ಒಂದು ಆಳು ಮಾಡಿದರು. ತಲೆಯ ಜಾಗಕ್ಕೆ ತೆಂಗಿನಕಾಯಿ. ಎಲೆ 360 ಇರಬೇಕು, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ನಮ್ಮ ಅಟ್ಟದ ಕಿಟಕಿಯಿಂದ ನಾನು ನೋಡುತ್ತಿದ್ದೆ. ಆಚಾರ್ಯರು ಗಟ್ಟಿಯಾಗಿ ಎಣಿಸುತ್ತಿದ್ದರು. ಇನ್ನೂರರ ಆಚೆ ಈಚೆ ಎಲ್ಲೋ ಲೆಕ್ಕ ತಪ್ಪಿತು. ಎಲ್ಲರೂ ಸುಮ್ಮನಾದರು. ಆಗ ಆ ಮನೆಯ ಅಜ್ಜಿ, ಹೋದವರ ತಾಯಿ, ಒಳಗಿನಿಂದ ಹೇಳಿದಳು: ‘ಮದಲಿಂದ ಎಣಸ್ರಿ. ಅವಸರ ಏನಿಲ್ಲ.’

ಹುಲ್ಲಿನದು, ಎಲೆಯದು, ಬಿದಿರಿನದು. ನಿಜವಾದ ಆಳಿನ ಜಾಗದಲ್ಲಿ ಮಲಗಿಸಿಯೋ ನಿಲ್ಲಿಸಿಯೋ ಬೆಂಕಿ ಕೊಡುತ್ತೀವಿ ಅಂದಮೇಲೆ ಲೆಕ್ಕ ಸರಿ ಇರಬೇಕು. ಇದನ್ನೆಲ್ಲ ಟ್ಯಾಗೋರ್ ಗಾರ್ಡನ್ ಫುಟ್‌ಪಾತ್ ಮೇಲೆ ಹಿಂದಿಯಲ್ಲಿ ಹೇಳೋಕಾಗುತ್ತದಾ? ನಾನು ಬರೀ ‘ದಸ್ ಚಾಹಿಯೇ’ ಅಂದೆ. ನಾಲ್ಕು ಸಲ ಅಂದೆ.

ಉಸ್ತಾದ್ ನನ್ನ ಮುಖ ನೋಡಿದರು. ಬೀಡಿ ಆರಿಸಿದರು. ದಬ್ಬೆ ಎಳೆದುಕೊಂಡು ಕೂತರು. ಮುಕ್ಕಾಲು ಗಂಟೆಯಲ್ಲಿ ಉದ್ದ ಕಿವಿಯ ಒಂದು ಕತ್ತೆ ತಲೆ ತಯಾರಾಯಿತು. ನಡುವಿನ ಕಿರೀಟದ ಮೇಲೆ ಕೂರಿಸಿದರು. ಹತ್ತನೆಯದು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ವಾಲುವ ಮಾತೇ ಇಲ್ಲ. ಸುಮ್ನೆ ಮಾಡಿದ್ದಲ್ಲ ಇದು. ಉತ್ತರ ಭಾರತದ ಹಳೇ ಚಿತ್ರಗಳಲ್ಲಿ ರಾವಣನ ತಲೆಗಳ ಮೇಲೆ ಕತ್ತೆ ತಲೆ ಇರುವುದುಂಟು. ಅದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ. ಆದರೆ ಅಂಟು ಹಸಿಯಾಗಿಯೇ ಇತ್ತು. ‘ಬಿಸಿಲಿಗೆ ಇಡಿ’ ಅಂದರು. ಈ ಮಾತು ನೆನಪಿಟ್ಟುಕೊಳ್ಳಿ.

ಸಾಗಾಟಕ್ಕೆ 900. ತಲೆಯ ಪಟ್ಟಿ ಬೇರೆ, ಎದೆ ಬೇರೆ, ಕಾಲು ಬೇರೆ ಕೊಡುತ್ತಾರೆ. ನೀವೇ ತಂತಿ ಬಿಗಿದು ನಿಲ್ಲಿಸಬೇಕು. ನಮ್ಮ ಎಲೆಕ್ಟ್ರಿಷಿಯನ್‌ಗೆ ಒಂದು ಗಂಟೆ ಹಿಡಿಯಿತು. ಕಾಗದದ ಮೇಲೆ ಯಾವುದು ಎಡ ಯಾವುದು ಬಲ ಅಂತ ಗುರುತು ಹಾಕಿಕೊಟ್ಟಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. ಹಿಂದಕ್ಕೆ ಬಾಗಿದ ಒಂದು ಕೈ ಕೊನೆಯವರೆಗೂ ಹಾಗೇ ಉಳಿಯಿತು. ನೋಡಿದರೆ ರಾವಣ ಬೆನ್ನು ತುರಿಸಿಕೊಳ್ಳುತ್ತಿರುವ ಹಾಗಿತ್ತು.

ಆ ಹೊತ್ತಿಗೆ ಅವ್ವ ಬಂದಿದ್ದಳು. ಊರಲ್ಲಿ ಜೋಕುಮಾರನ ಹುಣ್ಣಿಮೆ ಮುಗಿಸಿಕೊಂಡೇ ಹೊರಟದ್ದು. ಬಾಲ್ಕನಿಯಿಂದ ರಾವಣನನ್ನು ನೋಡಿ ಮೊದಲು ಕೇಳಿದ್ದು ರೇಟು. ಹೇಳಿದೆ. ‘ಸುಡಾಕ ಆರು ಸಾವಿರಾ?’ ಅಂದಳು. ಎರಡನೆಯದು ನನಗೆ ಇನ್ನೂ ಕಿವಿಯಲ್ಲಿದೆ. ‘ಇವನ ಸಲುವಾಗಿ ಅಳಾವ್ರು ಯಾರೂ ಇಲ್ಲೇನ ಇಲ್ಲೆ?’

ನಮ್ಮ ಕಡೆ ಗೊಂಬೆ ಸತ್ತರೂ ಅಳುವವರು ಇರುತ್ತಾರೆ. ಜೋಕುಮಾರನನ್ನೇ ನೋಡಿ. ಗಣಪತಿ ಬಂದುಹೋದ ಬೆನ್ನಲ್ಲೇ ಮಣ್ಣಿನಲ್ಲಿ ಹುಟ್ಟುತ್ತಾನೆ. ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು, ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕೂತು, ಹೆಂಗಸರ ತಲೆಯ ಮೇಲೆ ಮನೆ ಮನೆ ತಿರುಗುತ್ತಾನೆ. ಏಳು ದಿನ ಆಯುಷ್ಯ. ಹುಣ್ಣಿಮೆ ರಾತ್ರಿ ಸಾಯಲೇಬೇಕು. ಗಣಪತಿ ಕಡುಬು ತಿಂದು ಹೋಗಿ ಊರೆಲ್ಲ ಸುಖವಾಗಿದೆ ಅಂತ ಅಪ್ಪ ಅಮ್ಮನಿಗೆ ಹೇಳಿದನಂತೆ. ಮಳೆ ಇಲ್ಲ, ಜನ ಕಷ್ಟದಲ್ಲಿದ್ದಾರೆ ಅಂತ ನಿಜ ಹೇಳಿದವನು ಜೋಕುಮಾರ. ಅವ್ವನಿಗೆ ಅವನೆಂದರೆ ಗಣಪತಿಗಿಂತ ಒಂದು ತೂಕ ಹೆಚ್ಚೇ. ಕಾಮಣ್ಣನ ಕಥೆಯೂ ಅಷ್ಟೇ. ವಾರಗಟ್ಟಲೆ ಹುಡುಗರು ಊರೆಲ್ಲ ಕಟ್ಟಿಗೆ, ಕುಳ್ಳು ಕದ್ದು ಒಟ್ಟುತ್ತಾರೆ. ಬೆಂಕಿ ಹಚ್ಚಿದ ತಕ್ಷಣ ಅಂಗೈಯಿಂದ ಬಾಯಿ ಬಡಿದುಕೊಂಡು ‘ಲಬೋ ಲಬೋ’ ಅಂತ ಹೊಯ್ಕೊಳ್ಳುತ್ತಾರೆ. ತಾವೇ ಸುಟ್ಟು ತಾವೇ ಅಳುವುದು.

ಇಷ್ಟೇ ಅಲ್ಲ, ನಮ್ಮ ಚಳವಳಿಗಳಲ್ಲೂ ಅದೇ ಬಂದಿದೆ. ನಮ್ಮಣ್ಣ ಕಾಲೇಜಿನಲ್ಲಿದ್ದಾಗ ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಯಾರದೋ ಪ್ರತಿಕೃತಿ ಸುಡೋಕೆ ಅಂತ ಅಪ್ಪನ ಪ್ಯಾಂಟು ಒಯ್ದಿದ್ದ. ಹುಲ್ಲು ತುಂಬಿ, ಮಡಕೆಗೆ ಫೋಟೋ ಅಂಟಿಸಿ, ಸಿದಿಗೆಗೆ ಕಟ್ಟಿ ಅಣಕು ಶವಯಾತ್ರೆ. ಹಿಂದೆ ಹತ್ತು ಜನ ಬಾಯಿ ಬಡಿದುಕೊಳ್ಳುತ್ತ. ಪೊಲೀಸರು ನೀರಿನ ಬಕೆಟ್ಟು ಹಿಡಿದು ಓಡಿ ಬಂದರು. ಕಾಲು ಒಬ್ಬರ ಕೈಗೆ, ತಲೆ ಒಬ್ಬರ ಕೈಗೆ. ಯಾರ ಪ್ರತಿಕೃತಿ ಅಂತ ಅಣ್ಣನಿಗೆ ಈಗ ನೆನಪೇ ಇಲ್ಲ. ಅಪ್ಪನಿಗೆ ಮಾತ್ರ ಆ ಪ್ಯಾಂಟಿನ ಬಣ್ಣ ಕೂಡ ನೆನಪಿತ್ತು. ಅದು ಹಳೇದಾಗಿರಲಿಲ್ಲ.

ದೆಹಲಿಯವರು ರಾವಣನಿಗೆ ಅಳುವುದಿಲ್ಲ. ಸೆಲ್ಫಿ ತಗೊಳ್ಳುತ್ತಾರೆ. ನಮ್ಮ ಸೊಸೈಟಿಯಲ್ಲಿ ಒಬ್ಬರು ಮಾತ್ರ ಯಾವತ್ತೂ ಕೆಳಗೆ ಇಳಿದು ಬರುವುದಿಲ್ಲ. ಅವರ ಊರು ನೊಯ್ಡಾ ಕಡೆಯ ಬಿಸ್ರಖ್. ರಾವಣ ಹುಟ್ಟಿದ್ದು ಅಲ್ಲೇ ಅಂತ ಆ ಊರಿನವರ ನಂಬಿಕೆ. ಅಲ್ಲಿ ದಸರಾಕ್ಕೆ ಸುಡುವ ಪದ್ಧತಿ ಇಲ್ಲ. ‘ನಮ್ಮೂರ ಹುಡುಗನನ್ನು ನೀವು ಸುಟ್ಟರೆ ನಾನು ಬಂದು ಲಡ್ಡು ತಿನ್ನಬೇಕಾ?’ ಅನ್ನುತ್ತಾರೆ. ಲಡ್ಡು ಮನೆಗೇ ಕಳಿಸುತ್ತೇವೆ, ತಿನ್ನುತ್ತಾರೆ.

2025ರ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂದಿತ್ತು. ಬೆಳಿಗ್ಗೆ ಗಾಂಧಿ ಫೋಟೋಗೆ ಹಾರ, ಸಂಜೆ ಬೆಂಕಿ. ಅಹಿಂಸೆಯ ದಿನ ಸುಡುವುದು ಸರಿಯಾ ಅಂತ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಜಗಳ ನಡೆದಿತ್ತು. ಮಧ್ಯಾಹ್ನ ಮಳೆ ಬಂದು ಜಗಳ ನಿಂತಿತು. ಸಣ್ಣ ಮಳೆಯಲ್ಲ. ಟಾರ್ಪಾಲು ತರುವಷ್ಟರಲ್ಲಿ ಅರ್ಧ ನೆಂದಿತ್ತು.

ಇಲ್ಲಿ ಸಾಮಾನಿನ ಗುಣ ಗೊತ್ತಾಯಿತು. ಎದೆ, ಕಾಲು ಗಟ್ಟಿಯಾಗಿ ನಿಂತವು. ಸೀರೆ ಬಟ್ಟೆ ಒಳಗಿದ್ದದ್ದಕ್ಕೆ ಕಾಗದ ಸುಕ್ಕಾದರೂ ಹರಿಯಲಿಲ್ಲ. ಪಕ್ಕದ ಸೊಸೈಟಿಯವರದ್ದು ಬೇರೆ ಕಡೆಯಿಂದ ತಂದದ್ದು, ಬರೀ ಕಾಗದದ್ದು. ಅದು ಹೊಟ್ಟೆಯ ಹತ್ತಿರ ಬಿರಿದು ಹಂದರ ಕಾಣುತ್ತಿತ್ತು, ಪಾಪ. ನಮ್ಮದರಲ್ಲಿ ಬಣ್ಣ ಇಳಿಯಿತು. ಮೀಸೆಯ ಕಪ್ಪು ಗಲ್ಲದ ಮೇಲೆ ಹರಿದು ರಾವಣ ಒಬ್ಬನೇ ತನಗಾಗಿ ಅಳುತ್ತಿರುವ ಹಾಗೆ ಕಂಡ. ಇನ್ನು ಕತ್ತೆ ತಲೆ. ಹಸಿ ಅಂಟಿನದಲ್ವಾ, ಅದು ಮಳೆಯ ಮೊದಲ ಹತ್ತು ನಿಮಿಷದಲ್ಲೇ ಕಿರೀಟದಿಂದ ಜಾರಿ ಹೂಕುಂಡದ ಮೇಲೆ ಬಿತ್ತು. ಯಾರೂ ಗಮನಿಸಲಿಲ್ಲ.

ಸಂಜೆ ಮಳೆ ಬಿಟ್ಟಿತು. ಎಂಟು ಗಂಟೆಗೆ ಬೆಂಕಿ ಕೊಟ್ಟೆವು. ಒದ್ದೆ ಕಾಗದ ಮೊದಲು ಹೊಗೆ ಮಾತ್ರ ಕಾರಿತು. ರಾಮನ ವೇಷದ ಹುಡುಗ ಕೆಮ್ಮತೊಡಗಿದ. ಸೊಸೈಟಿ ಅಧ್ಯಕ್ಷರು ನನ್ನ ಕಡೆ ನೋಡಿದ ರೀತಿ ಹೇಗಿತ್ತು ಅಂದರೆ, ಮಳೆಯನ್ನೂ ನಾನೇ ತಿತಾರ್‌ಪುರದಿಂದ ಆರ್ಡರ್ ಮಾಡಿದ್ದೆನೇನೋ ಅನ್ನುವ ಹಾಗೆ. ಆಮೇಲೆ ಒಳಗಿನ ಒಣ ದಬ್ಬೆ ಹಿಡಿದುಕೊಂಡಿತು. ಒಂದೇ ಸಲ ಸೊಂಟದಿಂದ ಮೇಲಕ್ಕೆ ಭಗ್ ಅಂತ ಎದ್ದಿತು. ಅಲ್ಲಲ್ಲಿ ಜ್ವಾಲೆಗೆ ತೆಳು ಹಸಿರು ಬಣ್ಣ. ಮೈಲುತುತ್ತದಲ್ಲಿ ತಾಮ್ರ ಇರುತ್ತದೆ, ತಾಮ್ರ ಹಸಿರಾಗಿ ಉರಿಯುತ್ತದೆ ಅಂತ ಹತ್ತನೇ ಕ್ಲಾಸಿನ ಮಗ ಪಾಠ ಒಪ್ಪಿಸಿದ. ಕಾಲಿನ ಬಿದಿರು ಢಂ ಅಂತು. ಮತ್ತೊಂದು. ಮೂರನೆಯದಕ್ಕೆ ಮಕ್ಕಳೆಲ್ಲ ಕುಣಿದರು.

ಆ ಗದ್ದಲದಲ್ಲಿ ನನ್ನ ಪಕ್ಕದಿಂದ ಒಂದು ದನಿ ಬಂತು. ತಿರುಗಿದರೆ ಅವ್ವ. ಸೆರಗು ತಲೆಯ ಮೇಲೆ ಹೊದ್ದು, ಅಂಗೈ ಬಾಯಿಗೆ ಬಡಿದುಕೊಳ್ಳುತ್ತ ‘ಲಬೋ ಲಬೋ ಲಬೋ.’ ಎಪ್ಪತ್ನಾಲ್ಕು ವರ್ಷ. ಪಂಜಾಬಿ ನೆರೆಯಾಕೆ ಗಾಬರಿಯಾಗಿ ‘ಆಂಟೀಜಿ ಠೀಕ್ ಹೈಂ?’ ಅಂತ ನೀರು ತಂದರು. ಮಕ್ಕಳಿಗೆ ಅದು ಬಹಳ ಹಿಡಿಸಿಬಿಟ್ಟಿತು. ಎರಡು ನಿಮಿಷದಲ್ಲಿ ಹದಿನೈದು ಹುಡುಗರು ಉರಿಯುವ ರಾವಣನ ಸುತ್ತ ಬಾಯಿ ಬಡಿದುಕೊಂಡು ಓಡುತ್ತಿದ್ದರು. ದ್ವಾರಕಾದಲ್ಲಿ ಇದು ಮೊದಲ ಸಲವೇ ಇರಬೇಕು.

ಬೆಂಕಿ ಆರಿದ ಮೇಲೆ ಜನ ಕರಕಲು ಬಿದಿರಿನ ಚೂರು ಆರಿಸಿ ಮನೆಗೆ ಒಯ್ದರು. ಮನೆಯಲ್ಲಿಟ್ಟರೆ ಒಳ್ಳೇದು ಅಂತ ಇಲ್ಲಿನ ನಂಬಿಕೆ. ನಮ್ಮ ವಾಚ್‌ಮನ್ ಎರಡು ದೊಡ್ಡ ತುಂಡು ಎತ್ತಿಟ್ಟುಕೊಂಡ. ಉಳಿದ ತಂತಿ, ಬೂದಿ ಗುಡಿಸೋಕೆ 300 ರೂಪಾಯಿ. ತಂತಿ ಜಾಸ್ತಿ ಉಳಿಯುತ್ತದೆ. ಮಾರನೇ ದಿನ ಮಕ್ಕಳ ಕಾಲಿಗೆ ಚುಚ್ಚದ ಹಾಗೆ ಆ ರಾತ್ರಿಯೇ ಆರಿಸಿಬಿಡಿ. ಒಟ್ಟು ಖರ್ಚು 7,200, ಎಲೆಕ್ಟ್ರಿಷಿಯನ್‌ನ ಚಹಾ ಬಿಟ್ಟು.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಹೋಗುವವರು ಹದಿನೈದು ದಿನ ಮೊದಲೇ ಮುಂಗಡ ಕೊಡಿ, ಕೊನೇ ವಾರದಲ್ಲಿ ಅಂಟು ಒಣಗಿರುವುದಿಲ್ಲ. ಒಳಗೆ ಬಟ್ಟೆ ಇದೆಯಾ ಅಂತ ಬೆರಳಿನಿಂದ ಒತ್ತಿ ನೋಡಿ. ಕಾಲಿಗೆ ಇಡೀ ಬಿದಿರು ಕೇಳಿ. ಕಣ್ಣು ಅಂಟಿಸುವ ಮೊದಲೇ ತಲೆ ಎಣಿಸಿ.

ಒಂದು ನಕ್ಷತ್ರ ಕತ್ತರಿಸಿದ್ದು ಒಂಬತ್ತು ತಲೆಗೆ. ಅದನ್ನು ವಾಪಸ್ ಕೊಡಬೇಕೇನೋ ಅಂತ ಒಂದು ಗಳಿಗೆ ಅನ್ನಿಸಿತ್ತು. ಯಾಕಂದರೆ ಮೂರನೇ ತಾರೀಕು ಬೆಳಿಗ್ಗೆ ಉಸ್ತಾದ್ ಫೋನ್ ಮಾಡಿದರು. ಮಿಕ್ಸರ್ ಕಂಪನಿಯವರು ಯಾವತ್ತಾದರೂ ಹೀಗೆ ಫೋನ್ ಮಾಡಿದ್ದಾರಾ? ಅವರು ಕೇಳಿದ್ದು ಒಂದೇ, ‘ಪೂರಾ ಜಲಾ?’ ಪೂರ್ತಿ ಸುಟ್ಟಿತಾ ಅಂತ.

ಪೂರಾ ಅಂದೆ. ಅದು ಸುಳ್ಳು. ಅಷ್ಟು ಹಟ ಮಾಡಿ ಮಾಡಿಸಿದ ಹತ್ತನೆಯದು ಹೂಕುಂಡದ ಹಿಂದೆ ನೆನೆದು ಕೂತಿತ್ತು. ಮಗ ಅದನ್ನು ಮನೆಗೆ ತಂದು ಒಣಗಿಸಿದ. ಬೇರೆಯಾಗಿ ಸುಟ್ಟುಬಿಡೋಣ ಅಂದರೆ ಅವ್ವ ಬೇಡ ಅಂದಳು. ಈಗ ಅದು ನಮ್ಮ ಆರನೇ ಮಹಡಿಯ ಬಾಲ್ಕನಿಯ ಸರಳಿಗೆ ಕಟ್ಟಿಕೊಂಡಿದೆ. ದೃಷ್ಟಿಗೊಂಬೆ ಅಂತ ಅವ್ವ ಕಟ್ಟಿದ್ದು. ದೃಷ್ಟಿ ಕತೆ ಏನೋ, ಆದರೆ ನಾಲ್ಕು ವರ್ಷದಿಂದ ಬಲೆ ಹಾಕಿಸಿದರೂ ಬಿಡದ ಪಾರಿವಾಳಗಳು ಆ ಕತ್ತೆ ಬಂದಾಗಿನಿಂದ ನಮ್ಮ ಕಡೆ ಸುಳಿದಿಲ್ಲ. ಪಕ್ಕದ ಮನೆಯವರು ತಮಗೂ ಒಂದು ಬೇಕು ಅನ್ನುತ್ತಿದ್ದಾರೆ. ಬರೀ ತಲೆ ಮಾತ್ರ ಎಷ್ಟಕ್ಕೆ ಕೊಡುತ್ತಾರೆ ಅಂತ ಉಸ್ತಾದ್‌ಗೆ ಕೇಳಬೇಕು.